ಊರಿನ ಮಾಳಿಗೆಗಾಗಿ ಕಾದ ಹಲ್ಲು

ಬಿದ್ದುಹೋಗುವುದಕ್ಕೆಂದೇ ಹುಟ್ಟಿದ ಒಂದು ವಸ್ತುವಿಗಾಗಿ ತಂದೆತಾಯಿ ಎಷ್ಟು ಚಿಂತಿಸಬೇಕು? ಮಗುವಿನ ಹಾಲುಹಲ್ಲಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನೀವು ಬಾಯಿಬಿಟ್ಟು ಕೇಳಿರಲಿಕ್ಕಿಲ್ಲ. ಆದರೆ ಮನಸ್ಸಿನೊಳಗೆ ಉತ್ತರವನ್ನಂತೂ ಎಂದೋ ಕೊಟ್ಟುಕೊಂಡಿರುತ್ತೀರಿ. ನಮ್ಮ ಮನೆಯೂ ಹಾಗೆಯೇ ಕೊಟ್ಟುಕೊಂಡಿತ್ತು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಅನಂತರವೇ ಖಂಡಿಸಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಆದ್ದರಿಂದ ಆ ಮನೆಯ ಪಕ್ಷವನ್ನೂ ಇಲ್ಲಿ ಆದಷ್ಟು ನ್ಯಾಯವಾಗಿ ಮಂಡಿಸುತ್ತೇನೆ. ಆ ಮನೆ ಈಗ ಇಲ್ಲ; ತನ್ನ ಪರವಾಗಿ ತಾನೇ ಮಾತಾಡಲು ಅದಕ್ಕೆ ಸಾಧ್ಯವಿಲ್ಲ.

ಛತ್ರಪತಿ ಸಂಭಾಜಿನಗರದಲ್ಲಿ ನಾನೀಗ ಇರುವ ಬೀದಿಯ ಕಿರಾಣಿ ಅಂಗಡಿಯಲ್ಲಿ ಮೊನ್ನೆ ಲವಂಗದ ಎಣ್ಣೆಯ ಪುಟ್ಟ ಸೀಸೆಯೊಂದು ಅಂಗಡಿಯವನ ಕೈಜಾರಿ ಒಡೆಯಿತು. ಅವನು ಗೋಣಿಚೀಲದ ತುಂಡಿನಿಂದ ನೆಲ ಒರೆಸುತ್ತಿದ್ದ. ನಾನು ಬೇಳೆ ಕೇಳಲು ಹೋದವಳು ಏನು ಕೇಳಬೇಕಿತ್ತೆಂಬುದನ್ನು ಮರೆತು ನಿಂತಿದ್ದೆ. ಕಟುವಾಗಿ ಮೂಗಿಗೇರಿ, ನಾಲಿಗೆಯ ಬುಡವನ್ನು ಸಣ್ಣಗೆ ಮರಗಟ್ಟಿಸುವ ಆ ವಾಸನೆಯೊಳಗಿನಿಂದ ನಾಸಿಕದ ಪಂಚವಟಿಯ ಒಂದು ಹಳೆಯ ವಾಡೆ ಮೆಲ್ಲನೆ ಎದ್ದುಬಂದಿತು. ನಡುವೆ ಕಲ್ಲುಹಾಸಿನ ಚೌಕ, ಸುತ್ತಲೂ ತೇಗದ ಕಂಬಗಳು, ಮೇಲೆ ಹೆಂಚಿನ ಇಳಿಜಾರು. ಮಹಡಿಯ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಬೆಳಗಿನ ಹೊತ್ತಿಗೆ ಚೌಕದ ನಲ್ಲಿಯ ಸುತ್ತ ಹಿತ್ತಾಳೆಯ ಕೊಡಗಳ ಸದ್ದು, ಯಾರದೋ ಒಲೆಯ ಮೇಲೆ ಅವಲಕ್ಕಿ ಪೋಹೆಯ ಒಗ್ಗರಣೆ, ಗೋದಾವರಿಯ ಕಡೆಯಿಂದ ಬರುವ ತೇವದ ಗಾಳಿ. ಅಪ್ಪ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕತ್ತಲು ಹರಿಯುವ ಮೊದಲೇ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದರು. ಅವ್ವ ಸೀರೆಗಳಿಗೆ ಫಾಲು ಹಚ್ಚಿಕೊಡುತ್ತಿದ್ದಳು. ಅಪ್ಪನ ತಾಯಿಯನ್ನು ನಾವೆಲ್ಲರೂ, ಸೊಸೆಯಾದ ಅವ್ವನೂ ಸೇರಿ, ಆಯಿ ಎನ್ನುತ್ತಿದ್ದೆವು. ನಾನು ಹಿರಿಯ ಮಗಳು, ನನ್ನ ಹಿಂದೆ ತಂಗಿ ನೀಲಾ.

ಭಾಲ್ಕಿ ಸೀಮೆಯ ಹಳ್ಳಿಯಿಂದ ಮಗನ ಹಿಂದೆ ಬಂದು ಎಷ್ಟೋ ವರ್ಷವಾಗಿದ್ದರೂ ಆಯಿ ನಾಸಿಕದಲ್ಲಿ ವಾಸಿಸಲಿಲ್ಲ. ನಾಸಿಕದಲ್ಲಿ ತಂಗಿದ್ದಳು ಅಷ್ಟೆ. ಅವಳ ಲೆಕ್ಕದಲ್ಲಿ ಮುಖ್ಯವಾದ ಕೆಲಸಗಳೆಲ್ಲ ಊರಿಗೆ ಹೋದಾಗ ಆಗತಕ್ಕವು. ಕಿವಿ ಚುಚ್ಚಿಸುವುದು, ಹೊಸ ಕೌದಿ ಹೊಲಿಸುವುದು, ಜವಳ ತೆಗೆಸುವುದು, ಎಲ್ಲವೂ ಊರಿಗೆ ಹೋದಾಗ. ನಮ್ಮ ಉದುರಿದ ಹಲ್ಲುಗಳು ಕೂಡ. ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸ್ವಂತ ಮನೆಯ ಮಾಳಿಗೆಯ ಮೇಲೆ ಎಸೆಯಬೇಕು, ಆಗಲೇ ಹೊಸ ಹಲ್ಲು ಗಟ್ಟಿಯಾಗಿ, ನೆಟ್ಟಗೆ ಬರುತ್ತದೆಂಬುದು ಅವಳ ನಂಬಿಕೆ. ಹೀಗಾಗಿ ನನ್ನ ಹಲ್ಲುಗಳು ನಾಸಿಕದಲ್ಲಿ ಬಿದ್ದು, ಹತ್ತಿಯಲ್ಲಿ ಸುತ್ತಿಸಿಕೊಂಡು, ಬೇಸಿಗೆಯ ರಜೆಯವರೆಗೆ ವಿಭೂತಿಯ ಡಬ್ಬಿಯ ಪಕ್ಕದಲ್ಲಿ ಕಾಯುತ್ತಿದ್ದವು. ವಾಡೆಯ ಒಡತಿಯನ್ನು ನಾವು ಕಾಕೂ ಎಂದು ಕರೆಯುತ್ತಿದ್ದೆವು. ಒಮ್ಮೆ ಆಕೆ ಇದನ್ನು ನೋಡಿ ನಕ್ಕು, "ಅಹೋ ಆಜೀ, ಮಾಝ್ಯಾ ಕೌಲಾವರ್ ಟಾಕಾ ಕೀ" ಎಂದು ತನ್ನ ಹೆಂಚನ್ನೇ ಧಾರಾಳವಾಗಿ ಮುಂದಿಟ್ಟಳು. ಆಯಿ ತಲೆ ಅಲ್ಲಾಡಿಸಿ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಬಾಡಗಿ ಮನಿ ಮ್ಯಾಲ ಒಗದ್ರ ಹಲ್ಲೂ ಬಾಡಗಿವೇ ಬರ್ತಾವ. ಮುದಕಿ ಆಗೂದ್ರಾಗ ಖಾಲಿ ಮಾಡಿ ಹೋಗ್ತಾವ." ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನೆನಪಿದೆ. ಮಾತು ತಿಳಿಯದಿದ್ದರೂ ಕಾಕೂ ಕೂಡ ನಕ್ಕಳು.

ನೀಲಾಳ ಹಲ್ಲು ಕೆಟ್ಟದ್ದು ಹೇಗೆಂಬುದನ್ನು ಈಗ ನಾನು ಶಾಂತವಾಗಿ ವಿವರಿಸಬಲ್ಲೆ. ಅವಳು ಸಣ್ಣವಳಿದ್ದಾಗ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಅತ್ತರೆ ಅಪ್ಪನಿಗೆ ನಿದ್ದೆ ಕೆಡುತ್ತದೆ, ನಸುಕಿಗೆ ಅವರು ಬಸ್ಸು ಹಿಡಿಯಬೇಕು. ಹಗಲು ಹಟ ಮಾಡಿದರೆ ಆಯಿ ಬಿಳಿ ಬಟ್ಟೆಯ ತುದಿಯಲ್ಲಿ ಬೆಲ್ಲದ ಗಂಟು ಕಟ್ಟಿ ಚೀಪಲು ಕೊಡುತ್ತಿದ್ದಳು. ಬ್ರಶ್ಶನ್ನು ಅವಳ ಕೈಗೇ ಕೊಟ್ಟು, ತಾನಾಗಿ ಉಜ್ಜಿಕೊಳ್ಳುತ್ತಾಳೆಂದು ಎಲ್ಲರೂ ಹೆಮ್ಮೆಪಡುತ್ತಿದ್ದರು. ಅವಳೋ ಮುಂದಿನ ಹಲ್ಲುಗಳ ಮೇಲೆ ಪೇಸ್ಟನ್ನು ಸವರಿ, ಅದರ ಸಿಹಿಯನ್ನು ನುಂಗಿ ಬಂದುಬಿಡುತ್ತಿದ್ದಳು. ಅಂಗಿಯ ಗುಂಡಿಯನ್ನು ಸರಿಯಾಗಿ ಹಾಕಿಕೊಳ್ಳಲಾರದ ಕೈ ದವಡೆಯ ಹಲ್ಲನ್ನು ಉಜ್ಜಲಾರದೆಂಬುದು ಯಾರಿಗೂ ಹೊಳೆಯಲಿಲ್ಲ. ಇದರಲ್ಲಿ ನಿರ್ಲಕ್ಷ್ಯವೇನೂ ಇರಲಿಲ್ಲ. ಪ್ರೀತಿಯಿಂದಲೇ ಆ ಹಾಲಿಗೆ ಸಕ್ಕರೆ ಬೀಳುತ್ತಿತ್ತು.

ಅವಳು ಶಾಲೆಯ ಒಂದನೆಯ ಇಯತ್ತೆಯಲ್ಲಿದ್ದ ವರ್ಷದ ಚಳಿಗಾಲದಲ್ಲಿ ನೋವು ಶುರುವಾಯಿತು. ಕೆಳದವಡೆಯ ಎಡಗಡೆಯ ಹಲ್ಲಿನಲ್ಲಿ ಕಪ್ಪು ಕುಳಿ. ಅವ್ವ ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಕುಳಿಯೊಳಗೆ ಇಡುತ್ತಿದ್ದಳು. ಅದು ಜಾರಿ ವಸಡನ್ನು ಸುಟ್ಟು ಬಿಳಿಚಿಸುತ್ತಿತ್ತು. ಕೋಣೆಯ ಹಾಸಿಗೆ, ಕೌದಿ, ನೀಲಾಳ ಜಡೆ, ಎಲ್ಲಕ್ಕೂ ಆ ವಾಸನೆ ಹತ್ತಿಕೊಂಡಿತು. ಆಯಿಗೆ ಮಶೇರಿಯ ಚಟವಿತ್ತು. ಹಂಚಿನ ಮೇಲೆ ಕರಿಯಾಗುವವರೆಗೆ ಹುರಿದು ಪುಡಿ ಮಾಡಿದ ತಂಬಾಕು ಅದು. ಬೆಳಿಗ್ಗೆ ಎದ್ದು ಬೆರಳಿನಿಂದ ವಸಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಇಲ್ಲದ ಹೊತ್ತಿನಲ್ಲಿ ಅದರದೊಂದು ಚಿಟಿಕೆಯನ್ನು ಮೊಮ್ಮಗಳ ಹಲ್ಲಿಗೂ ಒತ್ತಿದಳು. ನೀಲಾ ಬಿಳುಚಿ, ಬೆವೆತು, ಕಲ್ಲುಹಾಸಿನ ಮೇಲೆ ವಾಂತಿ ಮಾಡಿಕೊಂಡಳು. ಅವ್ವ ಬಂದು ಕೊಡದ ಮೇಲೆ ಕೊಡ ನೀರು ಸುರಿದು ನೆಲ ತೊಳೆದಳು. ಆ ಮನೆಯಲ್ಲಿ ಅವ್ವನ ಸಿಟ್ಟು ಸಾಮಾನ್ಯವಾಗಿ ನೀರಿನ ಸದ್ದಾಗಿಯೇ ಕೇಳಿಸುತ್ತಿತ್ತು.

ಆಮೇಲೊಂದು ದಿನ ನೋವು ತಾನಾಗಿಯೇ ನಿಂತಿತು. ಮನೆಯವರೆಲ್ಲ ಹಗುರಾದರು. ಹಲ್ಲಿನೊಳಗಿನ ಜೀವ ಸತ್ತರೆ ನೋವು ನಿಲ್ಲುತ್ತದೆ, ಕೀವು ಮಾತ್ರ ಸದ್ದಿಲ್ಲದೆ ಬೇರಿನ ಕಡೆಗೆ ಇಳಿಯುತ್ತಿರುತ್ತದೆಂದು ನಮಗೆ ಹೇಳುವವರಿರಲಿಲ್ಲ. ಕೆಲವು ವಾರಗಳ ನಂತರ ಆ ಹಲ್ಲಿನ ಬುಡದ ವಸಡಿನಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ ಎದ್ದಿತು. ಅವ್ವ ಅದನ್ನು ಕಂಡು ನೀಲಾಳನ್ನು ನಾಸಿಕದ ದಂತವೈದ್ಯರೊಬ್ಬರಲ್ಲಿಗೆ ಕರೆದೊಯ್ದಳು. ಹಲ್ಲು ಉಳಿಯುವ ಹಂತ ದಾಟಿದೆ, ತೆಗೆಸಿಬಿಡಿ, ಕೆಳಗೆ ಕಾಯಂ ಹಲ್ಲು ರೂಪುಗೊಳ್ಳುತ್ತಿದೆ, ಅದಕ್ಕೆ ಕೀವು ತಾಗಬಾರದು ಎಂದು ಅವರು ಹೇಳಿಕಳಿಸಿದರು. ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಬ್ಯಾಸಗಿ ಸೂಟಿ ಬಂದೇ ಬಂತು," ಎಂದಳು ಆಯಿ. "ಊರಿಗಿ ಹೋದಾಗ ತೆಗಸಮ. ಇಲ್ಲ್ಯಾಕ?"

"ಡಾಕ್ಟರ್ ಲಗೂನ ತೆಗಸ್ರಿ ಅಂದಾರ," ಅವ್ವ ಅಪ್ಪನನ್ನು ನೋಡುತ್ತಾ ಹೇಳಿದಳು.

ಅಪ್ಪ ಊಟದ ತಾಟಿನಿಂದ ತಲೆಯೆತ್ತಲಿಲ್ಲ. "ಹಾಲಹಲ್ಲು. ಬೀಳೂದೇ ಅದ. ಈಗ ನೋವೂ ಇಲ್ಲ. ನೀಲವ್ವ, ನೋಯ್ತದೇನ?"

"ನಾಹೀ," ಎಂದಳು ನೀಲಾ. ಕನ್ನಡ ಪೂರ್ತಿ ತಿಳಿಯುತ್ತಿದ್ದರೂ ಉತ್ತರ ಕೊಡುವಾಗ ಅವಳ ಬಾಯಿಗೆ ಮರಾಠಿಯೇ ಬರುತ್ತಿತ್ತು.

"ಮತ್ತೇನು," ಎಂದರು ಅಪ್ಪ.

ಹೀಗೆ ಎರಡು ತಪ್ಪುಗಳು ಒಂದೇ ತಾಟಿನ ಮುಂದೆ ಕೂತು ಒಪ್ಪಂದ ಮಾಡಿಕೊಂಡವು. ಹಲ್ಲು ಮಾಳಿಗೆಗೆ ಸೇರಬೇಕೆಂದು ಆಯಿ. ಹೇಗೂ ಬೀಳುವ ಹಲ್ಲೆಂದು ಅಪ್ಪ. ಹೊರಗಿನಿಂದ ನೋಡಿದವರು ಆಯಿಯದು ಮೂಢನಂಬಿಕೆ, ಅಪ್ಪನದು ವಿವೇಕ ಎನ್ನಬಹುದು. ಪರಿಣಾಮದ ದೃಷ್ಟಿಯಿಂದ ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆಯಿಯಾದರೂ ಆ ಹಲ್ಲಿಗೆ ಒಂದು ಬೆಲೆ ಇದೆಯೆಂದು ನಂಬಿದ್ದಳು.

ರಜೆ ಬಂದಿತು. ನಾವು ಯಾವಾಗಲೂ ಹೋಗುವ ದಾರಿಯಲ್ಲೇ ಹೊರಟೆವು. ನಾಸಿಕದಿಂದ ಬಸ್ಸಿನಲ್ಲಿ ಸಂಭಾಜಿನಗರ (ಆಗ ಅದಕ್ಕೆ ಬೇರೆ ಹೆಸರಿತ್ತು), ಅಲ್ಲಿ ಸೋದರತ್ತೆಯ ಮನೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಉದಗೀರದ ಕಡೆಗೆ, ಅಲ್ಲಿಂದ ಭಾಲ್ಕಿ. ನಿಫಾಡದವರೆಗೂ ನೀಲಾ ಕಿಟಕಿಗೆ ಅಂಟಿಕೊಂಡು ದ್ರಾಕ್ಷಿತೋಟಗಳನ್ನು ನೋಡುತ್ತಾ ಬಂದಳು. ಅಲ್ಲಿಂದ ಮುಂದೆ ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಯೇವಲೆಯಲ್ಲಿ ಬಸ್ಸು ನಿಂತಾಗ ಆಯಿ ಅವಳಿಗೆ ಕಬ್ಬಿನಹಾಲು ಕುಡಿಸಲು ಹೋದಳು. ನೀಲಾ ಬಾಯಿ ತೆರೆಯಲಿಲ್ಲ. ತೆರೆಯಲಾಗುತ್ತಿಲ್ಲವೆಂಬುದು ಆಮೇಲೆ ತಿಳಿಯಿತು. ಎಡಗೆನ್ನೆಯ ಕೆಳಗೆ ದವಡೆಯ ಅಂಚೇ ಕಾಣದಂತೆ ಊದಿಕೊಂಡಿತ್ತು. ಮೈ ಕಾದ ಹೆಂಚಿನ ಹಾಗೆ. ವೈಜಾಪುರ ದಾಟುವ ಹೊತ್ತಿಗೆ ಅವಳು ಉಗುಳು ನುಂಗುವುದಕ್ಕೂ ನರಳತೊಡಗಿದ್ದಳು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿ, ದೃಷ್ಟಿಯಾಗಿರಬೇಕೆಂದಳು. ಅವ್ವ ಒದ್ದೆ ಬಟ್ಟೆಯನ್ನು ಮಗಳ ಹಣೆಯ ಮೇಲಿಟ್ಟು ಹೊರಗೆ ನೋಡುತ್ತಾ ಕುಳಿತಳು.

ಸೋದರತ್ತೆಯ ಮನೆ ತಲುಪಿದಾಗ ಹೊತ್ತು ಇಳಿದಿತ್ತು, ಕರೆಂಟು ಹೋಗಿತ್ತು. ಅಪ್ಪ ತಮ್ಮ ಚೀಲದಿಂದ ಒಂದು ಸಣ್ಣ ಬ್ಯಾಟರಿ ತೆಗೆದರು. ಲೋಹದ ಹಾಳೆಯ ಜೋಡಣೆಯಲ್ಲಿ ಬಿರುಕು ಇದೆಯೇ ಎಂದು ಪರೀಕ್ಷಿಸಿ ಅಭ್ಯಾಸವಾದ ಕಣ್ಣು ಅವರದು. ಬೆರಳಿನಿಂದ ನೀಲಾಳ ತುಟಿಯನ್ನು ಸರಿಸಿ, ಮೊದಲ ಬಾರಿಗೆ, ಮಗಳ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ನಂತರ ಬ್ಯಾಟರಿ ಆರಿಸಿ, ಸೋದರತ್ತೆಯ ಕಡೆ ತಿರುಗಿ, "ಇಲ್ಲಿ ಹಲ್ಲಿನ ಡಾಕ್ಟರ್ ಎಲ್ಲದಾರ?" ಎಂದು ಕೇಳಿದರು.

"ನಾಳಿ ಊರಾಗ..." ಎಂದು ಆಯಿ ಆರಂಭಿಸಿದಳು.

"ಊರು ಬ್ಯಾಡ ಆಯಿ," ಎಂದಳು ಅವ್ವ. "ಊರಿನ ತನಕ ಕೂಸು ತಡಿಯಂಗಿಲ್ಲ." ಅವ್ವ ಆಯಿಯ ಮಾತನ್ನು ನಡುವೆ ಕತ್ತರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಟೋದಲ್ಲಿ ನಾವೆಲ್ಲರೂ ಸೋದರತ್ತೆ ತೋರಿಸಿದ ಹಲ್ಲಿನ ದವಾಖಾನೆಗೆ ಹೋದೆವು. ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದ ಆ ವೈದ್ಯೆ ನಡುವಯಸ್ಸಿನವರು, ಮಾತು ಕಡಿಮೆ. ಊದಿದ ಜಾಗವನ್ನು ಮುಟ್ಟಿ ನೋಡಿ, ನುಂಗಲು ಹೇಳಿ, ಉಸಿರನ್ನು ಗಮನಿಸಿ, ಇವಳನ್ನು ನಾಳೆ ಇಡೀ ಹಗಲು ಬಸ್ಸಿನಲ್ಲಿ ಕರೆದೊಯ್ಯುವ ಯೋಚನೆ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ಬಾವು ಕತ್ತಿನ ಕಡೆಗೆ ಇಳಿದರೆ ಉಸಿರಿಗೇ ತೊಂದರೆ. ಈಗಲೇ ಹಲ್ಲು ತೆಗೆದು ಕೀವಿಗೆ ದಾರಿ ಮಾಡಬೇಕು, ಔಷಧಿ ಶುರುಮಾಡಬೇಕು, ರಾತ್ರಿ ಜ್ವರ ಏರಿದರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದರು. ಅಪ್ಪ ತಲೆಯಾಡಿಸಿದರು. ಆಗ ಆಯಿ ಮುಂದೆ ಬಂದು ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಅವಳ ನೋಟ ಮಗುವಿನ ಮೇಲಿರಲಿಲ್ಲ. ಕುರ್ಚಿಯ ಕೆಳಗಿದ್ದ, ರಕ್ತ ಹತ್ತಿದ ಹತ್ತಿಯ ಬಕೆಟ್ಟಿನ ಮೇಲಿತ್ತು.

"ಕೇಳ ಇವರಿಗಿ," ಎಂದು ಮಗಳಿಗೆ, ಅಂದರೆ ನನ್ನ ಸೋದರತ್ತೆಗೆ, ಹೇಳಿದಳು. "ತೆಗದ ಹಲ್ಲು ಆ ಬಕೀಟಿನಾಗ ಒಗಿತಾರೇನು?"

ಸೋದರತ್ತೆ ಸಂಕೋಚದಿಂದಲೇ ಅದನ್ನು ಮರಾಠಿಗೆ ತಿರುಗಿಸಿದಳು. ಡಾಕ್ಟರ್ ಬಾಯಿ ಕೈಗವಸು ಹಾಕಿಕೊಳ್ಳುತ್ತಿದ್ದವರು ಒಂದು ಕ್ಷಣ ನಿಂತರು. "ದಾತ್ ತುಮ್ಚಾಚ್ ಆಹೇ, ಆಜೀ," ಎಂದರು. ಹಲ್ಲು ನಿಮ್ಮದೇ, ತೊಳೆದು ಕೈಗೆ ಕೊಡುತ್ತೇನೆ, ಒಯ್ಯಿರಿ.

ಆಯಿ ಕುರ್ಚಿಯ ಕೈಯನ್ನು ಬಿಟ್ಟಳು. "ಕೊಡ್ತಾರಂತ?" ಎಂದು ಅವ್ವನನ್ನು ಕೇಳಿದಳು. "ಹಂಗಾದ್ರ ನಾಸಿಕದಾಗೂ ಕೊಡ್ತಿದ್ರೇನು?"

"ನಾವು ಕೇಳೇ ಇಲ್ಲಲ್ರಿ, ಆಯಿ," ಎಂದಳು ಅವ್ವ.

ಚರ್ಚಾವೇದಿಕೆಗಳಲ್ಲಿ ನಾನು ಗೆದ್ದ ಯಾವ ವಾದವೂ ಆ ಒಂದು ವಾಕ್ಯದಷ್ಟು ನನ್ನನ್ನು ತಿದ್ದಿಲ್ಲ. ಇಡೀ ಚಳಿಗಾಲ ನಾವು ಆಯಿಯ ನಂಬಿಕೆಯನ್ನು ಒಪ್ಪುತ್ತಲೋ ನಗುತ್ತಲೋ ಕಳೆದೆವು. ಆ ನಂಬಿಕೆಯ ಹಿಂದೆ ಏನು ಹೆದರಿಕೆಯಿದೆ ಎಂದು ಕೇಳಲಿಲ್ಲ. ಮೊಮ್ಮಗಳ ಮೈಯ ಒಂದು ತುಣುಕು ಪರವೂರಿನ ಕಸದಲ್ಲಿ ಬೀಳಬಾರದು ಎಂಬಷ್ಟೇ ಅವಳ ಹಟ. ಅದಕ್ಕೆ ಪರಿಹಾರ ವೈದ್ಯರ ಒಂದು ಮಾತಿನಲ್ಲಿತ್ತು.

ನೀಲಾ ಅತ್ತಳು. ಅವಳ ಕಾಲುಗಳನ್ನು ಹಿಡಿದುಕೊಂಡಿದ್ದ ಅವ್ವ ಅವಳಿಗೆ ಸುಳ್ಳು ಹೇಳಲಿಲ್ಲ. ನೋಯುತ್ತದೆ, ಆಮೇಲೆ ಕಡಿಮೆಯಾಗುತ್ತದೆ ಎಂದಳು. ಕೀವಿನ ವಾಸನೆ ಕೋಣೆಯ ತುಂಬ ಹರಡಿತು. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಬಾವು ಪೂರ್ತಿ ಇಳಿಯುವವರೆಗೆ ನಾವು ಸೋದರತ್ತೆಯ ಮನೆಯಲ್ಲೇ ಉಳಿದೆವು. ಹೊರಡುವ ಮುನ್ನ ಡಾಕ್ಟರ್ ಬಾಯಿ, ಹಾಲುಹಲ್ಲು ಬೇಗ ಹೋದದ್ದರಿಂದ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿಕೊಳ್ಳುತ್ತವೆ, ಗಾಯ ಮಾಯ್ದ ಮೇಲೆ ಜಾಗ ಕಾಯಲು ಒಂದು ಸಣ್ಣ ತಂತಿ ಹಾಕಿಸಿ ಎಂದು ಸೂಚಿಸಿದರು. ಅದು ಆಗಲಿಲ್ಲ. ಅಪ್ಪ ಮರೆತರು, ಅವ್ವನಿಗೆ ಮತ್ತೆ ಹೇಳುವ ಧೈರ್ಯ ಬರಲಿಲ್ಲ, ಆಯಿ ಮಾತ್ರ, "ಇಲ್ಲದ ಹಲ್ಲಿಗಿ ಕಾವಲುಗಾರ ಬ್ಯಾರೆ," ಎಂದು ನಕ್ಕಳು. ಊರಿನಲ್ಲಿ ಅವಳು ಆ ಕರಿಯ, ಟೊಳ್ಳು ಹಲ್ಲನ್ನು ಅರಿಶಿನ ಹಚ್ಚಿ, ಮಣ್ಣಿನ ಮಾಳಿಗೆಯ ಮೇಲೆ ತನ್ನ ಕೈಯಿಂದಲೇ ಎಸೆದಳು.

ವರ್ಷಗಳ ನಂತರ ಅದೇ ಜಾಗದಲ್ಲಿ ನೀಲಾಳ ಕಾಯಂ ಹಲ್ಲು ಬಂದಿತು. ಇಕ್ಕಟ್ಟಿನಲ್ಲಿ ದಾರಿ ಸಾಲದೆ ಓರೆಯಾಗಿ, ಮೈಮೇಲೆ ತುಕ್ಕಿನ ಬಣ್ಣದ ಕಲೆ ಹೊತ್ತು, ಒರಟಾಗಿ ಬಂದಿತು. ಅದು ಹುಟ್ಟುವ ಮೊದಲೇ ಹಾಲುಹಲ್ಲಿನ ಬೇರಿನ ಕೀವು ಅದನ್ನು ಮುಟ್ಟಿತ್ತು. ಆಗ ಹುಡುಗಿಗೆ ಮಾತು ಚುರುಕಾಗಿತ್ತು. "ಆಯಿ, ನೀ ವಾಕಡಾ ಒಗದಿದ್ದಿ, ಅದಕ್ಕೇ ವಾಕಡಾ ಬಂದದ," ಎಂದು ಮರಾಠಿ ಬೆರೆಸಿ ಚುಡಾಯಿಸಿದಳು; ಸೊಟ್ಟ ಎಸೆದದ್ದಕ್ಕೆ ಸೊಟ್ಟ ಬಂತು ಎಂದು. ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ. ಮೊಮ್ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಆ ಹಲ್ಲನ್ನು ನೋಡಿ, "ನೆಟ್ಟಗೇ ಒಗದಿದ್ದೆ ನನ್ನವ್ವ," ಎಂದಳು. ಅವಳ ದನಿಯಲ್ಲಿ ವಾದವಿರಲಿಲ್ಲ. ತಾನು ತಪ್ಪದೆ ಮಾಡಿದ ಕೆಲಸವೊಂದು ಯಾಕೆ ಫಲಿಸಲಿಲ್ಲವೆಂಬ ಬೆರಗು ಮಾತ್ರ ಇತ್ತು. ಅಂದಿನಿಂದ ಅವಳು ಮಶೇರಿಯನ್ನು ಮಕ್ಕಳ ಕಣ್ಣಿಗೆ ಬೀಳದ ಕಡೆ ಇಡತೊಡಗಿದಳು. ಬಿಡಲಂತೂ ಇಲ್ಲ.

ಈಗ ಆ ವಾಡೆಯ ಜಾಗದಲ್ಲಿ ಬಾಲ್ಕನಿಗಳ ಕಟ್ಟಡವೊಂದು ನಿಂತಿದೆ. ನಾಸಿಕಕ್ಕೆ ಹೋದಾಗ ಅದರ ಮುಂದೆ ಹಾದುಹೋಗಿದ್ದೇನೆ. ಚೌಕ ಎಲ್ಲಿತ್ತು, ನಲ್ಲಿ ಎಲ್ಲಿತ್ತು ಎಂದು ಗುರುತಿಸಲು ಪ್ರಯತ್ನಿಸಿ ಕೈಬಿಟ್ಟಿದ್ದೇನೆ. ಕಾಕೂ ಮೊದಲು ಹೋದಳು, ನಂತರ ಆಯಿ, ಆಮೇಲೆ ಅಪ್ಪ. ಅವ್ವ ನನ್ನೊಡನೆ ಇದ್ದಾಳೆ. ನೀಲಾ ಇಂದಿಗೂ ಬಲದವಡೆಯಲ್ಲೇ ಅಗಿಯುತ್ತಾಳೆ. ಅವಳ ಮಗಳಿಗೆ ಮೊದಲ ಹಲ್ಲು ಮೂಡಿದ ದಿನದಿಂದ ಒದ್ದೆ ಬಟ್ಟೆಯಿಂದ ಒರೆಸುತ್ತಾ, ಅಕ್ಕಿಕಾಳಿನಷ್ಟು ಪೇಸ್ಟಿನಿಂದ ತಾನೇ ಉಜ್ಜುತ್ತಾ ಬಂದಳು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ದಂತವೈದ್ಯರಿಗೆ ತೋರಿಸಿದಳು. ರಾತ್ರಿ ಹಲ್ಲುಜ್ಜಿದ ಮೇಲೆ ಆ ಮಗುವಿಗೆ ನೀರಲ್ಲದೆ ಬೇರೇನೂ ಸಿಗುವುದಿಲ್ಲ. "ಸುಮ್ಮನಿರು, ಇಲ್ಲದಿದ್ದರೆ ಡಾಕ್ಟರಿಂದ ಸೂಜಿ ಹಾಕಿಸ್ತೀನಿ" ಎಂಬ ಬೆದರಿಕೆ ಆ ಮನೆಯಲ್ಲಿ ನಿಷಿದ್ಧ. ಇಷ್ಟೆಲ್ಲ ಸುಲಭದ ಕೆಲಸಗಳು. ನಮ್ಮ ಮನೆಗೆ ಇವು ಕಷ್ಟವೆನಿಸಿದ್ದರಿಂದಲ್ಲ, ನಾಸಿಕದ ದಿನಗಳು ನಿಜವಾದ ದಿನಗಳೆನಿಸದಿದ್ದರಿಂದ ತಪ್ಪಿಹೋದವು.

ಸಂಭಾಜಿನಗರದ ಹೊರವಲಯದಲ್ಲಿ ಏಳುತ್ತಿರುವ ಕಟ್ಟಡಗಳ ಬಳಿ, ತಗಡಿನ ಶೆಡ್ಡುಗಳಲ್ಲಿರುವ ಕಲಬುರಗಿ ಕಡೆಯ ಸಂಸಾರಗಳ ನಡುವೆ, ದಂತವೈದ್ಯೆಯಾದ ಗೆಳತಿಯೊಡನೆ ಮಕ್ಕಳ ಹಲ್ಲು ನೋಡಲು ನಾನು ರಜೆಯ ದಿನಗಳಲ್ಲಿ ಹೋಗುತ್ತಿರುತ್ತೇನೆ. ಇತ್ತೀಚೆಗೆ ಶರಣಮ್ಮ ಎಂಬ ತಾಯಿಯೊಬ್ಬಳ ಮಗಳ ವಸಡಿನಲ್ಲಿ ಅಂಥದೇ ಗುಳ್ಳೆ ಕಂಡಿತು. "ದೀಪಾವಳಿಗಿ ಊರಿಗಿ ಹೊಂಟೀವ್ರಿ ಅಕ್ಕಾ, ಅಲ್ಲೇ ತೋರಸ್ತೀವಿ," ಎಂದಳು. ವಾದಿಸುವ ಬದಲು, ಇಲ್ಲಿ ಏನು ತೊಂದರೆ ಎಂದು ಕೇಳಿದೆ. ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಹೇಳಿದಳು: "ಇಲ್ಲಿ ಡಾಕ್ಟರ್ ಅಂದಿದ್ದು ನಂಗ ತಿಳಿಯಂಗಿಲ್ರಿ. ಮರಾಠಿ ಬಲ್ಲ ಕೂಸೇ ತಿಳಸಿ ಹೇಳಬೇಕು. ಕುರ್ಚಿ ಮ್ಯಾಲ ಅಳಕೋತ ಕುಂತ ಕೂಸು ನಂಗೇನ್ ಹೇಳ್ತದ್ರಿ?" ಅವಳ ಜೊತೆಗೆ ಹೋಗಿ ಕುರ್ಚಿಯ ಪಕ್ಕ ನಿಂತು ಎರಡೂ ಕಡೆಯ ಮಾತನ್ನು ತಿರುಗಿಸಿ ಹೇಳಿದೆ. ಆ ಮಗುವಿನ ಹಲ್ಲಿಗೆ ಇನ್ನೂ ಚಿಕಿತ್ಸೆ ಸಾಧ್ಯವಿತ್ತು.

ಓದುಗರೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ಇಂದು ಸಂಜೆ ನಿಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಳಕು ಹಿಡಿದು, ಕಟ್ಟಕಡೆಯ ಹಲ್ಲಿನವರೆಗೂ ನೋಡಿ. ಕಪ್ಪು ಚುಕ್ಕೆಯೋ ವಸಡಿನಲ್ಲಿ ಗುಳ್ಳೆಯೋ ಕಂಡರೆ, ನೋವಿಲ್ಲದಿದ್ದರೂ, ನೀವು ಈಗ ಇರುವ ಊರಿನಲ್ಲೇ ವೈದ್ಯರಿಗೆ ತೋರಿಸಿ. ಮನೆಯ ಹಿರಿಯರು ಬೇಡವೆಂದರೆ ಅವರೊಡನೆ ವಾದಕ್ಕಿಳಿಯುವ ಮೊದಲು ಪಕ್ಕದಲ್ಲಿ ಕುಳಿತು, ಯಾವುದಕ್ಕೆ ಹೆದರುತ್ತೀರಿ ಎಂದು ಕೇಳಿ.